ಕರದಂಟಿನ ಗಚ್ಚು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾನು ಕಟ್ಟಿದ ಗೋಡೆಗಳೆಲ್ಲ ನಾಳೆ ಬೆಳಿಗ್ಗೆ ಚಹಾದ ಹೊತ್ತಿಗೆ ಬೀಳಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಸೇರಿ ಇನ್ನೂರಕ್ಕೂ ಹೆಚ್ಚು ಮನೆ ಕಟ್ಟಿದ್ದೇನೆ. ಅವುಗಳ ಒಳಗೆ ಕೂತು ಚಹಾ ಕುಡಿಯುವವರ ಬಗ್ಗೆ ಯೋಚನೆ ಮಾಡಿಯೇ ಈ ಆಣೆ ಹಾಕುತ್ತಿದ್ದೇನೆ.

ನನ್ನ ಹೆಸರು ದುಂಡಪ್ಪ. ಮಮದಾಪುರದ ಗೌಂಡಿ. ವಯಸ್ಸು ಐವತ್ತೆರಡು. ನಮ್ಮೂರಲ್ಲಿ ನಾನು ನನ್ನ ಹೆಸರು ಹೇಳಿದರೂ ಜನ ರೇಶನ್ ಕಾರ್ಡ್ ತೋರಿಸು ಅನ್ನುತ್ತಾರೆ. ಕಾರಣ ಬಹಳ ಸಣ್ಣದು. ಅರಭಾವಿಯಲ್ಲಿ ನಾನು ಹಾಕಿದ ನೆಲದ ಮೇಲೆ ಒಂದು ಲಿಂಬೆಹಣ್ಣು ಇಟ್ಟರೆ, ಯಾವ ಕಡೆ ಉರುಳಬೇಕೆಂದು ತಿಳಿಯದೆ ಅದು ನಾಲ್ಕು ದಿನ ಅಲ್ಲೇ ಕೂತು ಒಣಗಿತು ಎಂದು ಒಮ್ಮೆ ಹೇಳಿದ್ದೆ. ಯಮಕನಮರಡಿಯಲ್ಲಿ ನಾನು ಕಟ್ಟಿದ ಕಂಪೌಂಡಿಗೆ ಲಾರಿ ಬಡಿದಾಗ ಗೋಡೆಗೆ ಏನೂ ಆಗಲಿಲ್ಲ, ಲಾರಿಯೇ ರಿವರ್ಸ್ ತೆಗೆದುಕೊಂಡು ಕ್ಷಮೆ ಕೇಳಿತು ಎಂದೂ ಹೇಳಿದ್ದೆ. ಜನ ನಕ್ಕರು. ಯಾರೋ ಒಬ್ಬರು ಚಹಾ ಹೇಳಿದರು. ಯಾರ ಮನೆಯೂ ಮುರಿಯಲಿಲ್ಲ.

ನನ್ನ ಮಾತನ್ನು ನಂಬಿದವಳು ಊರಿನಲ್ಲಿ ಒಬ್ಬಳೇ. ನನ್ನ ಮಗಳು ರಾಜೇಶ್ವರಿ.

ಅವಳಿಗೆ ಆರು ವರ್ಷವಿದ್ದಾಗ ಗೋಕಾಕಿನ ಬಜಾರಿನಲ್ಲಿ ಬೆಲ್ಲ, ತಿನ್ನುವ ಅಂಟು, ಗೋಡಂಬಿ ಹಾಕಿ ಮಾಡಿದ ಕರದಂಟು ಕೊಡಿಸಿದ್ದೆ. ಒಂದು ತುಂಡು ಅವಳ ಅಲುಗಾಡುವ ಹಲ್ಲಿಗೆ ಅಂಟಿತು. ಬೆರಳು ಹಾಕಿ ಬಿಡಿಸಿದೆ, ಹಲ್ಲೂ ಜೊತೆಗೆ ಬಂತು. ತುಟಿ ಅಳುವುದಕ್ಕೆ ತಯಾರಾಗಿತ್ತು. ಆದರೂ ಅದಕ್ಕಿಂತ ಮೊದಲು, ಇದು ಇಷ್ಟು ಯಾಕೆ ಅಂಟುತ್ತದೆ ಎಂದು ಕೇಳಿದಳು. ನನಗೆ ಅಳು ತಡೆಯಬೇಕಿತ್ತು. ಬೆಲ್ಲ ಮತ್ತು ಅಂಟು ಸೇರಿದರೆ ಕಲ್ಲನ್ನೂ ಹಿಡಿಯುತ್ತವೆ, ಮೂಡಲಗಿಯಲ್ಲಿ ಅಣ್ಣಾಸಾಹೇಬರ ವಾಡೆಯ ದೊಡ್ಡ ಗೋಡೆಯನ್ನು ನಿನ್ನ ಅಜ್ಜ ಯಲ್ಲಪ್ಪ ಕಟ್ಟಿದ್ದೇ ಕರದಂಟಿನಿಂದ ಎಂದೆ. ಆಗ ಸಿಮೆಂಟಿಗೆ ಸರ್ಕಾರದ ಪರ್ಮಿಟ್ ಬೇಕಿತ್ತು, ಸಿಗುತ್ತಿರಲಿಲ್ಲ. ಸುಣ್ಣ, ಉಸುಕು ಅರೆದು ಗಚ್ಚು ಮಾಡುತ್ತಿದ್ದರು. ಅದಕ್ಕೆ ಬೆಲ್ಲದ ನೀರು ಹಾಕುತ್ತಿದ್ದದ್ದೂ ಖರೆ. ನಾನು ನಲವತ್ತು ಕಡಾಯಿ ಕರದಂಟು ಸೇರಿಸಿದೆ. ಗೋಡಂಬಿ ಮಾತ್ರ ಹಾಕಲಿಲ್ಲ, ಗೋಡೆಗೆ ಯಾಕೆ ಎಂದು. ಎಲ್ಲಿಯವರೆಗೆ ಖರೆ, ಎಲ್ಲಿಂದ ನನ್ನದು ಎಂದು ಅವಳು ಕೇಳಲಿಲ್ಲ. ಅವಳ ಅಳು ನಿಂತಿತ್ತು, ನಾನೂ ಹೇಳಲಿಲ್ಲ.

ಮನೆಯಲ್ಲಿ ನಮ್ಮಪ್ಪನದು ಒಂದೇ ಒಂದು ಫೋಟೋ ಇದೆ. ಕುರ್ಚಿಯ ಮೇಲೆ ಬರಿಗಾಲಲ್ಲಿ ಕೂತಿದ್ದಾನೆ. ಬಲಗಾಲಿಗೆ ಆರು ಬೆರಳು. ಅವತ್ತಿನಿಂದ ಅವಳು ದಿನಾ ಆ ಫೋಟೋದ ಕೆಳಗೆ ನಿಂತು ಬೆರಳು ಎಣಿಸುತ್ತಿದ್ದಳು. ಗೋಡೆ ಕಟ್ಟುವವರಿಗೆ ಒಂದು ಹೆಚ್ಚಿಗೆ ಇರುತ್ತದೆ ಎಂದು ಸಾಲೆಯಲ್ಲಿ ಗೆಳತಿಯರಿಗೆ ಹೇಳಿಬಂದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ರಕ್ತದಲ್ಲಿ ಬಂದಿರಬೇಕು.

ಪಿಯುಸಿ ಆದ ಮೇಲೆ ಅವಳು ಸಿವಿಲ್ ಇಂಜಿನಿಯರಿಂಗ್ ತೆಗೆದುಕೊಂಡಳು. ಹುಕ್ಕೇರಿ ಕಡೆ ಹೈವೇ ಬಾಜೂ ಇರುವ ಒಂದು ಕಾಲೇಜು. ಮೊದಲನೇ ದಿನ ಎಲ್ಲರೂ ಎದ್ದು ನಿಂತು ಸಿವಿಲ್ ಯಾಕೆ ತೆಗೆದುಕೊಂಡೆ ಎಂದು ಹೇಳಬೇಕಿತ್ತಂತೆ. ಒಬ್ಬ ರ‍್ಯಾಂಕ್ ಇಷ್ಟೇ ಬಂತು ಅಂದ. ಇನ್ನೊಬ್ಬ ನಮ್ಮ ತಂದೆ ಗುತ್ತಿಗೆದಾರ ಅಂದ. ಇವಳು, ನಮ್ಮ ಅಜ್ಜ ಕಟ್ಟಿದ ಗೋಡೆ ಇನ್ನೂ ನಿಂತಿದೆ, ಯಾಕೆ ನಿಂತಿದೆ ಎಂದು ತಿಳಿಯಬೇಕಾಗಿದೆ ಅಂದಳಂತೆ. ಸಂಜೆ ಮನೆಗೆ ಬಂದು ಹೇಳಿದಾಗ ನನ್ನ ಎದೆ ಉಬ್ಬಿತು. ಆ ನಲವತ್ತು ಕಡಾಯಿಯೂ ನೆನಪಾದವು. ನಾನು ಉಬ್ಬಿದ ಎದೆಯ ಕಡೆಗಷ್ಟೇ ಗಮನ ಕೊಟ್ಟೆ.

ಎರಡನೇ ವರ್ಷಕ್ಕೆ ಅವಳು ನಮ್ಮ ಮನೆಯ ಸ್ಲ್ಯಾಬ್ ಲೆಕ್ಕ ಹಾಕಿದಳು. ನೀನು ಹಾಕಿದ ಕಬ್ಬಿಣದಲ್ಲಿ ಇನ್ನೊಂದು ಮನೆ ಆಗುತ್ತಿತ್ತಪ್ಪಾ ಎಂದಳು. ನಾನು, ಆನೆ ಬಂದು ಮೇಲೆ ಮಲಗಿದರೆ ಎಂದೆ. ಆನೆ ಮಾಳಿಗೆಗೆ ಹ್ಯಾಂಗ ಹತ್ತುತ್ತದೆ ಎಂದಳು. ಮೆಟ್ಟಿಲಿನ ಕಬ್ಬಿಣ ನೀನು ಇನ್ನೂ ಲೆಕ್ಕ ಹಾಕಿಲ್ಲ ಎಂದೆ. ನನ್ನ ಹೆಂಡತಿ ಶಿವವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಳು. ಆ ನಗೆಯಲ್ಲಿ ಮೂರು ಜನ ಇದ್ದೆವು.

ನಾಲ್ಕನೇ ವರ್ಷ ಪ್ರಾಜೆಕ್ಟ್ ಮಾಡಬೇಕಾಯಿತು. ಬೇರೆಯವರು ಬೂದಿಯ ಇಟ್ಟಂಗಿ, ಪ್ಲಾಸ್ಟಿಕ್ಕಿನ ರಸ್ತೆ ಎಂದು ಆರಿಸಿಕೊಂಡರು. ರಾಜೇಶ್ವರಿ ಬೆಲ್ಲ ಮತ್ತು ಅಂಟು ಸೇರಿಸಿದ ಸುಣ್ಣದ ಗಚ್ಚು ಎಂದು ಬರೆದುಕೊಟ್ಟಳು. ಅವಳಿಗೆ ಮಾರ್ಗದರ್ಶನ ಮಾಡುವ ಕಾಶಿನಾಥ ಸರ್ ಮೆಲ್ಲಗೆ ಮಾತನಾಡುವ ಮನುಷ್ಯ. ಪಾಲು ಎಷ್ಟೆಷ್ಟು ಎಂದು ಗೊತ್ತಿದೆಯೇ ಎಂದು ಕೇಳಿದರಂತೆ. ನಮ್ಮ ತಂದೆಗೆ ಗೊತ್ತು ಎಂದಳಂತೆ.

ಒಂದು ಭಾನುವಾರ ಅವಳು ವಹಿ ಹಿಡಿದು ನನ್ನ ಎದುರು ಚಾಪೆಯ ಮೇಲೆ ಕೂತಳು. ಮೂವತ್ತು ವರ್ಷ ಗೌಂಡಿಕೆ ಮಾಡಿದ್ದೇನೆ, ನನ್ನ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ಒಂದು ಬುಟ್ಟಿ ಸುಣ್ಣಕ್ಕೆ ಬೆಲ್ಲ ಎಷ್ಟು ಎಂದಳು. ಎರಡು ಸೇರು ಎಂದೆ. ಬರೆದಳು. ಅಂಟು ಎಷ್ಟು ಎಂದಳು. ಬೊಗಸೆ ಎಂದೆ. ಯಾರ ಬೊಗಸೆ ಎಂದಳು. ಹೆಂಗಸರ ಬೊಗಸೆ, ಗಂಡಸರದು ಸೋರುತ್ತದೆ ಎಂದೆ. ಅದನ್ನೂ ಬರೆದಳು. ಎಷ್ಟು ದಿನ ನೆನೆಯಿಡಬೇಕು ಎಂದಳು. ಹನ್ನೊಂದು ಎಂದೆ. ಯಾಕೆ ಹನ್ನೊಂದು ಎಂದಳು. ಹತ್ತಕ್ಕೆ ಅದಕ್ಕೆ ಇನ್ನೂ ನಾಚಿಕೆ ಬಿಟ್ಟಿರುವುದಿಲ್ಲ ಎಂದೆ. ಅವಳು ನಕ್ಕಳು, ಆದರೆ ಹನ್ನೊಂದನ್ನು ಬರೆದು ಕೆಳಗೆ ಗೆರೆ ಎಳೆದಳು.

ಒಂದು ತಿಂಗಳಾದ ಮೇಲೆ ಕಾಲೇಜಿನಿಂದ ಒಂದು ಹಾಳೆ ತಂದು ತೋರಿಸಿದಳು. ಇಂಗ್ಲಿಷಿನಲ್ಲಿತ್ತು. ನನಗೆ ಇಂಗ್ಲಿಷಿನಲ್ಲಿ ನನ್ನ ಹೆಸರಷ್ಟೇ ಓದಲು ಬರುತ್ತದೆ. ಬ್ಯಾಂಕಿನ ಸಹಿಗಾಗಿ ಅವಳೇ ಕಲಿಸಿದ್ದು. ಹಾಳೆಯ ನಡುವೆ ಅದೇ ಹೆಸರು. ಪಕ್ಕದಲ್ಲಿ ಪಾರಂಪರಿಕ ಗೌಂಡಿ, ಮಾಹಿತಿ ನೀಡಿದವರು ಎಂದಿದೆ ಅಂತ ಓದಿ ಹೇಳಿದಳು. ಅವತ್ತು ನಾನು ನಿಜ ಹೇಳಬಹುದಿತ್ತು. ಹಾಳೆಯನ್ನು ಇನ್ನೊಮ್ಮೆ ಓದು ಎಂದೆ.

ಗಚ್ಚು ಕಲಸಿ, ಸಣ್ಣ ಕಬ್ಬಿಣದ ಅಚ್ಚಿನಲ್ಲಿ ತುಂಬಿ, ಇಪ್ಪತ್ತೆಂಟು ದಿನ ಬಿಟ್ಟು, ಯಂತ್ರದಲ್ಲಿಟ್ಟು ಒತ್ತಿ ಎಷ್ಟು ಭಾರ ತಡೆಯುತ್ತದೆ ಎಂದು ನೋಡಬೇಕು. ಇಪ್ಪತ್ತೆಂಟನೇ ದಿನ ಅಚ್ಚು ಬಿಚ್ಚಿದರೆ ಒಳಗೆ ಶಿರಾ ಇತ್ತು. ಹುಕ್ಕೇರಿ ತಾಲೂಕಿನ ಇರುವೆಗಳೆಲ್ಲ ಸಾಲುಗಟ್ಟಿ ಲ್ಯಾಬಿಗೆ ಬಂದವು. ಕಾಲೇಜಿನ ವಾಚ್‌ಮನ್ ಅವುಗಳಿಗೆ ವಿಸಿಟರ್ ರಿಜಿಸ್ಟರ್ ಕೊಟ್ಟನಂತೆ. ಈ ಕೊನೆಯದು ನನ್ನದು, ತಪ್ಪಾಯಿತು. ಇರುವೆ ಬಂದದ್ದು ಖರೆ.

ಜೊತೆಗಿದ್ದ ಇಬ್ಬರು ಹುಡುಗಿಯರು ವಿಷಯ ಬದಲಿಸೋಣ ಎಂದರು. ಇವಳು ಒಪ್ಪಲಿಲ್ಲ. ಅವರು ಬೂದಿಯ ಇಟ್ಟಂಗಿಯ ಕಡೆ ಹೋದರು. ಇವಳು ಒಬ್ಬಳೇ ಎರಡನೇ ಸಲ ಮಾಡಿದಳು, ಮೂರನೇ ಸಲ ಮಾಡಿದಳು. ಸುಣ್ಣ ಕಲಸಿ ಕಲಸಿ ಬೆರಳುಗಳ ತುದಿ ಒಡೆದವು. ಶಿವವ್ವ ಸಂಜೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ಬೆಳಿಗ್ಗೆ ಮಗಳು ಅದೇ ಬೆರಳುಗಳಿಂದ ರೊಟ್ಟಿ ಮುರಿಯಲಾಗದೆ ಅನ್ನ ಉಣ್ಣುತ್ತಿದ್ದಳು.

ಮೂರನೆಯದೂ ಕೆಟ್ಟ ದಿನ ಊಟಕ್ಕೆ ಕೂತಾಗ ಅವಳು ತನ್ನ ಅಂಗೈಯನ್ನು ಮುಂದೆ ಹಿಡಿದುಕೊಂಡು ನೋಡಿದಳು.

“ಅಪ್ಪಾ, ಅಜ್ಜಂದು ನಿಂತೈತಿ. ನಂದ ಯಾಕ ನಿಂದರವಲ್ದು? ನನ್ನ ಕೈಯಾಗ ತಪ್ಪೈತೇನು?”

ನಾನು ರೊಟ್ಟಿ ನುಂಗಿ ಹೇಳಿದೆ. “ನೀರ ಒಂದೀಟು ಹೆಚ್ಚಾಗಿರಬೇಕವಾ.”

ನಲವತ್ತು ಕಡಾಯಿಗೆ ಹೋಲಿಸಿದರೆ ಇದು ಬಹಳ ಸಣ್ಣ ಸುಳ್ಳು. ಲಿಂಬೆಹಣ್ಣಿಗಿಂತಲೂ ಸಣ್ಣದು. ಅವಳು ತಲೆ ಅಲ್ಲಾಡಿಸಿ, ಹೌದು, ನೀರೇ ಇರಬೇಕು ಎಂದು ವಹಿಯಲ್ಲಿ ಬರೆದುಕೊಂಡಳು. ಮತ್ತೆ ಹೋಗಿ ನಾಲ್ಕನೇ ಸಲ ಕಲಸಿದಳು.

ಕಾಶಿನಾಥ ಸರ್‌ಗೆ ಅವಳ ಬೆರಳು ನೋಡಿ ಕೆಡುಕೆನಿಸಿರಬೇಕು. ಆ ಗೋಡೆಯಿಂದಲೇ ಒಂದು ಹಿಡಿ ಗಚ್ಚು ಕೆರೆದುಕೊಂಡು ಬಾ ಎಂದರಂತೆ. ಆಮ್ಲದಲ್ಲಿ ಹಾಕಿದರೆ ಸುಣ್ಣ ಕರಗಿ ಉಸುಕು ಉಳಿಯುತ್ತದೆ, ತೂಕ ಮಾಡಿದರೆ ಪಾಲು ತಾನೇ ತಿಳಿಯುತ್ತದೆ. ಅವಳು ಕುಣಿಯುತ್ತ ಮನೆಗೆ ಬಂದಳು. ನಾನು ಬರಲು ಆಗುವುದಿಲ್ಲ, ಮೊಣಕಾಲು ನೋವು ಎಂದೆ. ಬಸ್ಸಿನಲ್ಲಿ ಹೋಗೋಣ ಎಂದಳು. ಆ ವಾಡೆಯ ನಾಯಿಗೆ ಗೌಂಡಿಗಳೆಂದರೆ ಆಗುವುದಿಲ್ಲ ಎಂದೆ. ನಾಯಿ ಬೆಲ್ಲ ತಿನ್ನುತ್ತದೆ, ತರುತ್ತೇನೆ ಎಂದಳು. ನನ್ನ ಮಗಳಿಗೆ ಉತ್ತರ ಕೊಡುವುದನ್ನು ನಾನೇ ಕಲಿಸಿದ್ದೆ.

ಮೂಡಲಗಿಗೆ ಹೋದೆವು. ಅಣ್ಣಾಸಾಹೇಬರಿಗೆ ಎಪ್ಪತ್ತಾರು ದಾಟಿತ್ತು. ಪಡಸಾಲೆಯಲ್ಲಿ ಕೂತಿದ್ದರು. ಹಿಂದೆ ಆ ಗೋಡೆ, ಹದಿನಾಲ್ಕು ಅಡಿ ಎತ್ತರ, ಒಂದು ಬಿರುಕಿಲ್ಲ. ರಾಜೇಶ್ವರಿ ಮೊದಲು ಗೋಡೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ಅಣ್ಣಾಸಾಹೇಬರ ಕಾಲು ಮುಟ್ಟಿದಳು. ಈ ಗೋಡೆ ಕಟ್ಟಿದ ಯಲ್ಲಪ್ಪ ಗೌಂಡಿಯ ಮೊಮ್ಮಗಳು ನಾನು ಎಂದಳು.

“ಯಲ್ಲಪ್ಪಾ?” ಎಂದರು ಅವರು. “ಅಂವಾ ಗೌಂಡಿ ಅಲ್ಲ ತಂಗಿ. ಗೌಂಡ್ಯಾರು ಬ್ಯಾರೆ ಕಡೆಯಿಂದ ಬಂದಿದ್ರು. ಯಲ್ಲಪ್ಪ ಗಚ್ಚು ಅರ‍್ಯೂ ಗಾಣಕ್ಕ ಎತ್ತು ಹೊಡ್ಯಾಂವ. ಹದಿನೈದು ದಿನಾನೂ ಇದ್ದಿಲ್ಲ.”

ನಾನು ಬಾಯಿ ತೆರೆದೆ. ಒಳಗಿನಿಂದ ಏನು ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. “ಅದು ಬ್ಯಾರೆ ಯಲ್ಲಪ್ಪ ಇರಬೇಕ್ರಿ ಸಾಹೇಬ್ರ.”

“ಬ್ಯಾರೆ ಎಲ್ಲಿಂದ ಬರ್ತಾನೋ. ಮಮದಾಪುರದಾಂವ, ಬಲಗಾಲಿಗೆ ಆರು ಬಟ್ಟ. ಗಚ್ಚಿಗೆ ಹಾಕಾಕಂತ ತರಿಸಿದ ಬೆಲ್ಲದಾಗ ಒಂದು ಪೆಂಟಿ ಕಡಿಮಿ ಬಿತ್ತು. ಅಂಟೂ ಒಂದೀಟು ಹೋಗಿತ್ತು. ನಮ್ಮಪ್ಪ ಕರದು ಕೇಳಿದ್ರ, ಹೌದ್ರಿ, ನಾನ ತಿಂದೇನಿ ಅಂದಾ. ಬಿಡಿಸಿ ಕಳಿಸಿದ್ರು. ಸುಳ್ಳ ಮಾತ್ರ ಹೇಳಲಿಲ್ಲ ನೋಡ, ಅದೊಂದು ಚಲೋ ಗುಣ ಇತ್ತು.”

ಅಣ್ಣಾಸಾಹೇಬರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹಳೆಯದು ನೆನಪಾದ ಖುಷಿಯಲ್ಲಿ ಹೇಳಿದರು, ಒಳಗೆ ಚಹಾಕ್ಕೂ ಹೇಳಿದರು. ರಾಜೇಶ್ವರಿ ನನ್ನ ಮುಖ ನೋಡಿದಳು. ಬಂದ ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಎದ್ದು, ಗೋಡೆಯ ಹಿಂಬದಿಯಲ್ಲಿ ಯಾರಿಗೂ ಕಾಣದ ಕಡೆ ಉಳಿಯಿಂದ ಒಂದು ಹಿಡಿ ಗಚ್ಚು ಕೆರೆದಳು. ಚೀಲಕ್ಕೆ ಹಾಕಿ, ಮೇಲೆ ತಾರೀಖು ಬರೆದಳು. ಕೆಲಸ ಚೊಕ್ಕಾಗಿ ಮಾಡಿದಳು. ಅಷ್ಟು ಚೊಕ್ಕ ಕೆಲಸ ಮಾಡುವವಳಿಗೆ ನಾನು ನೀರು ಹೆಚ್ಚಾಗಿದೆ ಎಂದಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

“ಎರಡು ಸೇರು ಅಂತ ಯಾರು ಹೇಳಿದ್ರು?”

“ಯಾರೂ ಇಲ್ಲ.”

“ಬೊಗಸಿ? ಹನ್ನೊಂದು ದಿನಾ?”

“ನಾನ.”

ಸ್ವಲ್ಪ ದೂರ ಹೋದ ಮೇಲೆ, “ಹಂಗಾರ ನನ್ನ ಕೈಯಾಗ ತಪ್ಪಿರ್ಲಿಲ್ಲ” ಎಂದಳು. ಸಿಟ್ಟಿನಿಂದಲ್ಲ. ಲೆಕ್ಕದ ಕೊನೆಯ ಸಾಲು ಓದಿದ ಹಾಗೆ.

ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಮಮದಾಪುರದ ಬಸ್ಸಿಗೆ ಕಾಯುತ್ತ ನಿಂತೆವು. ಅವಳು ನನ್ನ ಕಡೆ ತಿರುಗಿದಳು.

“ಚಹಾ ಕುಡೀತೀರೇನ್ರಿ?”

ಬಾಜೂ ನಿಂತ ಒಬ್ಬ ಮುದುಕಿ, ಎಂಥ ಚಲೋ ಹುಡುಗಿ, ಅಪ್ಪನಿಗೆ ಎಷ್ಟು ಮರ್ಯಾದೆ ಕೊಡುತ್ತದೆ ನೋಡು ಎಂದು ತನ್ನ ಜೊತೆಯವಳಿಗೆ ಹೇಳಿದಳು. ನನ್ನ ಮಗಳು ಹುಟ್ಟಿ ಮಾತು ಕಲಿತ ಮೇಲೆ ನನ್ನನ್ನು ನೀ ಎಂದೇ ಕರೆದವಳು. ಹಸಿವಾದಾಗ ನೀ, ಜ್ವರ ಬಂದಾಗ ನೀ, ಸ್ಲ್ಯಾಬಿನ ಲೆಕ್ಕ ಹಾಕಿ ಬೈಯುವಾಗಲೂ ನೀ. ರೀ ಎಂದು ಅವಳು ಕರೆಯುವುದು ಕಂಡಕ್ಟರನನ್ನು, ಪೋಸ್ಟಿನವನನ್ನು, ಮನೆಯ ವಿಳಾಸ ಕೇಳಿಕೊಂಡು ಬಂದವರನ್ನು. ಬೇಡ ಎಂದೆ. ಆಯ್ತ್ರಿ ಎಂದಳು.

ಅಣ್ಣಾಸಾಹೇಬರಿಗೆ ಗೊತ್ತಿಲ್ಲದ್ದು ಒಂದಿತ್ತು. ನನಗೆ ಹೇಳಿದವಳು ನಮ್ಮವ್ವ ಗೌರಕ್ಕ. ಆ ಬೆಲ್ಲ ಕಡಿಮೆ ಬಿದ್ದಾಗ ಮನೆಯಲ್ಲಿ ಅವಳು ಬಾಣಂತಿ. ಬಾಣಂತಿಗೆ ಅಂಟಿನ ಉಂಡೆ ಕಟ್ಟಿಕೊಡಬೇಕು, ಇಲ್ಲದಿದ್ದರೆ ಸೊಂಟ ನಿಲ್ಲುವುದಿಲ್ಲ, ಕೂಸಿಗೆ ಹಾಲು ಬರುವುದಿಲ್ಲ ಎಂದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಅದಕ್ಕೆ ಬೇಕಾದದ್ದು ಬೆಲ್ಲ ಮತ್ತು ಅಂಟು. ಮನೆಯಲ್ಲಿ ಎರಡೂ ಇರಲಿಲ್ಲ, ಅಣ್ಣಾಸಾಹೇಬರ ಗಚ್ಚಿಗೆ ಎರಡೂ ಇದ್ದವು. ನಮ್ಮಪ್ಪ ದೋತರದಲ್ಲಿ ಕಟ್ಟಿಕೊಂಡು ತಂದ. ಮರುದಿನ ಕೇಳಿದಾಗ, ಮನೆಯಲ್ಲಿದೆ ಎಂದರೆ ಆಳು ಕಳಿಸಿ ತರಿಸುತ್ತಾರೆ, ಅದಕ್ಕೆ ನಾನೇ ತಿಂದೆ ಎಂದ. ಆ ಕೂಸು ನಾನು. ಅವ್ವ ಇದನ್ನು ಹೇಳುವಾಗ ನಗುತ್ತಿದ್ದಳು, ನೀನು ಗೋಡೆಯ ಪಾಲು ಕುಡಿದು ಬೆಳೆದವನು ಅನ್ನುತ್ತಿದ್ದಳು. ನಾನು ನಗುತ್ತಿರಲಿಲ್ಲ. ಆರು ವರ್ಷದ ಮಗಳಿಗೆ ನಿನ್ನ ಅಜ್ಜ ಬೆಲ್ಲ ಕದ್ದ ಎಂದು ಹೇಗೆ ಹೇಳುವುದು. ಅದಕ್ಕೆ ಅವನ ಕೈಯಲ್ಲಿ ಗೌಂಡಿಯ ಕರಣೆ ಕೊಟ್ಟೆ.

ಇದಕ್ಕೆ ಸಾಕ್ಷಿ ಯಾರೂ ಇಲ್ಲ. ಅವ್ವ ತೀರಿ ಹೋಗಿ ಹತ್ತು ವರ್ಷವಾಯಿತು.

ಆಮ್ಲದ ಪರೀಕ್ಷೆ ಆಯಿತು. ಒಂದು ಪಾಲು ಸುಣ್ಣ, ಎರಡು ಪಾಲು ಉಸುಕು ಎಂದು ಬಂತು. ಬೆಲ್ಲದ ಗುರುತು ಸಿಗಲಿಲ್ಲ. ಆ ಪಾಲಿನಲ್ಲಿ ಅವಳು ಕಲಸಿದ ಗಚ್ಚು ಅಚ್ಚಿನಿಂದ ಕಲ್ಲಿನ ಹಾಗೆ ಬಂತಂತೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದವರು ಮೊದಲ ನಾಲ್ಕು ಸಲ ಯಾಕೆ ಕೆಟ್ಟಿತು ಎಂದು ಕೇಳಿದಾಗ, ನಾನು ಪರೀಕ್ಷೆ ಮಾಡದೆ ಒಬ್ಬರ ಮಾತು ನಂಬಿದ್ದೆ ಎಂದಳಂತೆ. ಉತ್ತರ ಅವರಿಗೆ ಬಹಳ ಹಿಡಿಸಿತು. ಒಳ್ಳೆಯ ಮಾರ್ಕ್ಸ್ ಬಂತು. ಇದನ್ನೆಲ್ಲ ನನಗೆ ಹೇಳಿದವರು ಕಾಶಿನಾಥ ಸರ್. ಅವಳು ಮನೆಗೆ ಬಂದು, ಪಾಸಾತ್ರಿ ಎಂದಳು, ಅಷ್ಟೇ.

ದಪ್ಪ ರಟ್ಟು ಹಾಕಿದ ಅವಳ ರಿಪೋರ್ಟು ಕಪಾಟಿನಲ್ಲಿತ್ತು. ಅವಳು ಇಲ್ಲದ ಒಂದು ಮಧ್ಯಾಹ್ನ ತೆಗೆದು ನೋಡಿದೆ. ನೂರಾ ನಾಲ್ಕು ಹಾಳೆ. ಓದಲು ಬರುವುದಿಲ್ಲವಲ್ಲ, ಪ್ರತಿ ಸಾಲಿನ ಮೇಲೆ ಬೆರಳು ಇಟ್ಟು ನನ್ನ ಹೆಸರಿನ ಆಕಾರ ಹುಡುಕುತ್ತ ಹೋದೆ. ಶಿವವ್ವ ಬಾಗಿಲಲ್ಲಿ ನಿಂತು ನೋಡಿದಳು. ನೂರಾ ನಾಲ್ಕನೆಯದು ಮುಗಿದ ಮೇಲೆ, ಇನ್ನೊಮ್ಮೆ ಮೊದಲಿನಿಂದ ನೋಡು, ತಪ್ಪಿಸಿಕೊಂಡಿರಬಹುದು ಎಂದಳು. ನೋಡಿದೆ.

ಈಗ ಅವಳು ಹುಕ್ಕೇರಿ ಹತ್ತಿರ ಒಂದು ಸೇತುವೆಯ ಕೆಲಸದಲ್ಲಿ ತರಬೇತಿಗೆ ಇದ್ದಾಳೆ. ಬೆಳಿಗ್ಗೆ ಬೇಗ ಬಸ್ಸು. ಹೋಗುವಾಗ ಬರ್ತೇನ್ರಿ ಅನ್ನುತ್ತಾಳೆ, ಬಂದಾಗ ಉಂಡ್ರಿ? ಎಂದು ಕೇಳುತ್ತಾಳೆ. ಮಾತು ಬಿಟ್ಟಿದ್ದರೆ ಚೆನ್ನಾಗಿತ್ತು, ಒಂದು ದಿನ ಜಗಳ ಮಾಡಿ ಮುಗಿಸಬಹುದಿತ್ತು. ಇಷ್ಟು ಮರ್ಯಾದೆಯ ಜೊತೆ ಜಗಳ ಆಡುವುದು ಹೇಗೆ ಎಂದು ತಿಳಿಯುವುದಿಲ್ಲ.

“ಆಕೀನ್ನ ಒಂದು ಸಲ ಕುಂದರಿಸಿಕೊಂಡು ಹೇಳ” ಎಂದು ಶಿವವ್ವ ಹಿಂದೆ ಬಿದ್ದಳು. “ಅತ್ತಿ ಹೇಳಿದ್ದು ಇದ್ದಂಗ ಹೇಳ. ಕೂಡಿಸಬ್ಯಾಡ, ಕಳೀಬ್ಯಾಡ.”

ಹೋದ ಸೋಮವಾರ ರಾಜೇಶ್ವರಿ ಹೊರಗೆ ಕಟ್ಟೆಯ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಹಳದಿ ಹೆಲ್ಮೆಟ್. ನಾನು ಹೋಗಿ ಸ್ವಲ್ಪ ದೂರದಲ್ಲಿ ಕೂತೆ. ಅಜ್ಜನ ಬಗ್ಗೆ ಒಂದು ಮಾತು ಹೇಳುವುದಿದೆ ಎಂದೆ. ಹೇಳ್ರಿ ಎಂದಳು. ಲೇಸ್ ಕಟ್ಟುತ್ತಲೇ ಇದ್ದಳು.

ಶುರು ಮಾಡಿದೆ. ನನ್ನ ಜೀವನದಲ್ಲಿ ಮೊದಲ ಸಲ ಕಥೆ ಹೇಳಲು ನನಗೆ ಬರುತ್ತಿಲ್ಲ ಅನಿಸಿತು. ಮಾತು ಮಾತಿಗೆ ನಿಲ್ಲುತ್ತಿದ್ದೆ. “ಆ ಬೆಲ್ಲಾ ಅಜ್ಜ ತಿಂದಿದ್ದಿಲ್ಲವಾ. ದೋತರದಾಗ ಕಟ್ಟಿಕೊಂಡು ಮನೀಗೆ ತಂದಾ. ಮನ್ಯಾಗ ನಿಮ್ಮಜ್ಜಿ ಬಾಣಂತಿ. ಹನ್ನೊಂದು ದಿನಾ ಆಗಿತ್ತು.”

ಹನ್ನೊಂದು ಅಂದಾಗ ಲೇಸ್ ಕಟ್ಟುವ ಬೆರಳುಗಳು ನಿಂತವು. ನಾನು ಅವಳ ವಹಿಯಲ್ಲಿ ಬರೆಸಿದ ಹನ್ನೊಂದು ನನಗೂ ಆಗಲೇ ನೆನಪಾಯಿತು. ಅವ್ವ ಹೇಳಿದ್ದು ನಿಜವಾಗಿಯೂ ಹನ್ನೊಂದೇ. ಬಹುಶಃ ಅದಕ್ಕೇ ಅವತ್ತು ನನ್ನ ಬಾಯಿಗೆ ಅದು ಬಂದಿತ್ತು. ಆದರೆ ಅದನ್ನು ಅವಳಿಗೆ ಹೇಗೆ ಹೇಳುವುದು.

ಅವಳು ಹೆಲ್ಮೆಟ್ ಎತ್ತಿಕೊಂಡು ಎದ್ದಳು. ಬಸ್ಸು ಇನ್ನೂ ಬಂದಿರಲಿಲ್ಲ, ಸಪ್ಪಳವೂ ಇರಲಿಲ್ಲ.

“ಖರೇನವಾ, ಬಗಲಾಗ ಕೂಸಿತ್ತು, ಅದಕ್ಕ ಹಾಲಿಲ್ಲ, ಅದಕ್ಕ ಅಜ್ಜ ನಾನ ತಿಂದೇನಿ ಅಂತ ಹೇಳಿದಾ, ರಾಜೀ, ಆ ಕೂಸು ಯಾರಂದ್ರ…”